ಕಾರಾಪುರದ ಹುಡುಗ, ಬೆಂಗಳೂರಿನ ಹುಲಿ

ಕಳೆದ ದಸರಾ ರಜೆಯಲ್ಲಿ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಅಲ್ಲಾಳಸಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಅಕ್ಕನ ಮನೆ ಇದೆ. ಯಲಹಂಕದ ಪಕ್ಕ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿಗೆ ಹತ್ತಿರ. ಹೆಸರಿನಲ್ಲಿರುವ ಸಂದ್ರ ಅಂದರೆ ಸಮುದ್ರ, ನಮ್ಮ ಹಿರಿಯರು ದೊಡ್ಡ ಕೆರೆಗೆ ಇಡುತ್ತಿದ್ದ ಹೆಸರು. ಕೆರೆ ಈಗಲೂ ಇದೆ, ಸುತ್ತ ಬೇಲಿ ಹಾಕಿ ವಾಕಿಂಗ್ ದಾರಿ ಮಾಡಿದ್ದಾರೆ. ಉಳಿದಿದ್ದೆಲ್ಲ ಅಪಾರ್ಟ್‌ಮೆಂಟು ಮತ್ತು ಬಳ್ಳಾರಿ ರಸ್ತೆಯ ಗಾಡಿಗಳ ಸದ್ದು.

ಮಧ್ಯಾಹ್ನ ಊಟ ಆದ ಮೇಲೆ ಅಕ್ಕನ ಮಗಳು ಟಿವಿ ಹಾಕಿದಳು. ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. 'ದಿ ಜಂಗಲ್ ಬುಕ್' ಬೇಕು ಅಂದಳು. ಹಳೇ ಕಾರ್ಟೂನ್ ಅಲ್ಲ, 2016ರಲ್ಲಿ ಬಂತಲ್ಲ, ನಿಜವಾದ ಹುಡುಗನನ್ನು ಇಟ್ಟುಕೊಂಡು ತೆಗೆದದ್ದು, ಅದು. ಹತ್ತು ನಿಮಿಷ ಆಗಿರಲಿಲ್ಲ, ಅಮ್ಮ ಕೇಳಿದರು: "ಏನಂತೋ ಆ ಕರೀ ಚಿರತೆ ಹೇಳ್ತಿರೋದು?"

ನಾನು ರಿಮೋಟ್ ತಗೊಂಡು ಭಾಷೆಗಳ ಪಟ್ಟಿ ತೆರೆದೆ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅಷ್ಟೇ. ನಮ್ಮದು ಗೌರಿಬಿದನೂರು ಕಡೆ, ಅಲ್ಲಿ ತೆಲುಗು ಬಾರದವರು ಕಡಿಮೆ. ತೆಲುಗಿಗೆ ಹಾಕಿದೆ. ಅಮ್ಮನಿಗೆ ಅರ್ಥ ಆಯಿತು, ಹುಡುಗಿ ಕಿರುಚಿಕೊಂಡಳು, "ಮಾಮಾ, ನಂಗೆ ತೆಲುಗು ಬರಲ್ಲ!" ಹಿಂದಿಗೆ ಹಾಕಿದೆ. ಅವಳಿಗೆ ಅರ್ಧ ಅರ್ಥ ಆಯಿತು, ಅಮ್ಮನಿಗೆ ಏನೂ ಇಲ್ಲ. ಅಜ್ಜಿ ಮೊಮ್ಮಗಳು ಇಬ್ಬರಿಗೂ ಚೆನ್ನಾಗಿ ಬರುವ ಭಾಷೆ ಒಂದೇ ಒಂದು, ಪಟ್ಟಿಯಲ್ಲಿ ಇಲ್ಲದ್ದೂ ಅದೇ.

ಕೊನೆಗೆ ಇಂಗ್ಲಿಷಿನಲ್ಲೇ ಬಿಟ್ಟು, ಸದ್ದು ಸ್ವಲ್ಪ ಕಮ್ಮಿ ಮಾಡಿ, ನಾನೇ ಕನ್ನಡದಲ್ಲಿ ಹೇಳುತ್ತಾ ಕೂತೆ. ಹುಲಿಗೆ ದಪ್ಪ ದನಿ, ಕರಡಿಗೆ ನಮ್ಮೂರ ಹೋಟೆಲ್ ಯಜಮಾನರ ದನಿ. ಹೆಬ್ಬಾವಿನ ದೃಶ್ಯಕ್ಕೆ ಬರುವಷ್ಟರಲ್ಲಿ ಗಂಟಲು ಒಣಗಿತ್ತು. ಆಗ ಅಮ್ಮ ಹುಡುಗನನ್ನೇ ನೋಡುತ್ತಾ ಅಂದರು: "ಈ ಮಗು ಎಲ್ಲೀದೋ? ನಮ್ ಕಡೇದು ಇದ್ದಂಗೈತೆ."

ಈ ಹುಡುಗ ನಮ್ಮ ಕಡೆಯವನಲ್ಲ. ಹೆಸರು ನೀಲ್ ಸೇಥಿ, ನ್ಯೂಯಾರ್ಕಿನ ಹುಡುಗ. ಆದರೆ ಅಮ್ಮನ ಮಾತು ಪೂರ್ತಿ ತಪ್ಪೂ ಅಲ್ಲ. ಇದೇ ಪಾತ್ರವನ್ನು ಈ ಹುಡುಗನಿಗಿಂತ 74 ವರ್ಷ ಮೊದಲೇ ಹಾಲಿವುಡ್ಡಿನಲ್ಲಿ ಮಾಡಿದವನು ನಮ್ಮ ಕಡೆಯವನೇ. ಮೈಸೂರು ಜಿಲ್ಲೆ, ಎಚ್.ಡಿ. ಕೋಟೆ ಕಡೆಯ ಕಾರಾಪುರದವನು, ಮಾವುತನ ಮಗ. ಹೆಸರು ಸಾಬು.

ನೀವು ಕಬಿನಿ ಸಫಾರಿಗೆ ಹೋಗಿದ್ದರೆ, ಅಥವಾ ಹೋದವರ ಫೋಟೋ ವಾಟ್ಸ್ಆ್ಯಪ್‌ನಲ್ಲಿ ನೋಡಿದ್ದರೆ, ಕಾರಾಪುರದ ಹೆಸರು ಕೇಳಿರುತ್ತೀರಿ. ಮಹಾರಾಜರ ಕಾಲದ ಬೇಟೆ ಬಂಗಲೆ ಈಗ ಸರ್ಕಾರದ ಜಂಗಲ್ ಲಾಡ್ಜಸ್‌ನ ರೆಸಾರ್ಟು. ಆ ಕಾಡಿನ ಕರಿ ಚಿರತೆಯೊಂದು ಈಚೆಗೆ ಲೋಕಕ್ಕೆಲ್ಲ ಗೊತ್ತಾಗಿ, ಅದರ ಮೇಲೆ 2020ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರ ಸಾಕ್ಷ್ಯಚಿತ್ರವೂ ಬಂತು. ಜಂಗಲ್ ಬುಕ್ಕಿನ ಬಘೀರಾ ಕೂಡ ಕರಿ ಚಿರತೆಯೇ. ಒಂದು ಕರಿ ಚಿರತೆ ನೋಡಲು ದೇಶವಿದೇಶದಿಂದ ಜನ ಬರುವ ಜಾಗದಲ್ಲೇ 1924ರ ಜನವರಿ 27ರಂದು ಸಿನಿಮಾದ ಮೋಗ್ಲಿಯೂ ಹುಟ್ಟಿದ್ದ.

ಸಾಬುವಿನ ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಾಯಿ ಹೋದಾಗ ಸಾಬು ಕೂಸು. ತಂದೆಯೂ ಬೇಗ ತೀರಿಕೊಂಡರು. ಅಣ್ಣನೂ ಇವನೂ ಅರಮನೆಯ ಆನೆ ಲಾಯದ ಆಶ್ರಯದಲ್ಲೇ ಬೆಳೆದರು. ದಸರಾ ಸಮಯದಲ್ಲಿ ಮೈಸೂರು ಅರಮನೆ ಅಂಗಳಕ್ಕೆ ಹೋದವರು ಈಗಲೂ ಇಂಥ ಮಕ್ಕಳನ್ನು ನೋಡಬಹುದು. ಮಾವುತರು, ಕಾವಾಡಿಗಳ ಮಕ್ಕಳು ಆನೆಯ ಕಾಲ ನಡುವೆಯೇ ಆಡಿಕೊಂಡಿರುತ್ತಾರೆ, ನೋಡುವ ನಮಗೆ ಎದೆ ಝಲ್ ಅನ್ನುತ್ತದೆ.

1935ರಲ್ಲಿ ಮೈಸೂರಿಗೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಬಂದ. ಹಿಮದೇಶದ ಬೇಟೆಗಾರನೊಬ್ಬನ ಮೇಲೆ 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರ ಮಾಡಿ ಹೆಸರಾಗಿದ್ದವನು. ಸಾಕ್ಷ್ಯಚಿತ್ರದ ಇತಿಹಾಸ ಹೇಳುವವರು ಅಲ್ಲಿಂದಲೇ ಶುರುಮಾಡುತ್ತಾರೆ. ನಮಗೆ ಡಿಪ್ಲೊಮಾದಲ್ಲೂ ಇವನ ಬಗ್ಗೆ ಪಾಠ ಇತ್ತು. ಮೈಸೂರಿಗೆ ಬಂದಿದ್ದ ಅಂತ ಮಾತ್ರ ಯಾರೂ ಹೇಳಲಿಲ್ಲ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವನನ್ನು ಕಳಿಸಿದ್ದು ಒಂದು ಆನೆಯ ಕಥೆ ತೆಗೆಯಲು. ಆ ಕಥೆ ಇದ್ದದ್ದು ರುಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ 'ದಿ ಜಂಗಲ್ ಬುಕ್' ಸಂಕಲನದಲ್ಲೇ. ಆ ಪುಸ್ತಕದಲ್ಲಿ ಮೋಗ್ಲಿಯ ಕಥೆಗಳು ಕೆಲವೇ, ಬೇರೆ ಕಥೆಗಳೂ ಇವೆ. ಅದರಲ್ಲೊಂದು ತೂಮಾಯಿ ಎಂಬ ಮಾವುತನ ಮಗನ ಕಥೆ.

ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಅರಮನೆಯವರು ಚಿತ್ರತಂಡಕ್ಕೆ ಚಿತ್ತರಂಜನ್ ಮಹಲ್ ಬಿಟ್ಟುಕೊಟ್ಟರು, ಆನೆಗಳನ್ನೂ ಕೊಟ್ಟರು. ಆ ಮಹಲ್ಲೇ ಮುಂದೆ ಪ್ರೀಮಿಯರ್ ಸ್ಟುಡಿಯೋ ಆಯಿತು, ಈಗ ಗ್ರೀನ್ ಹೋಟೆಲ್. ತೂಮಾಯಿಯ ಆನೆಯ ಪಾತ್ರಕ್ಕೆ ಮಹಾರಾಜರ ದೊಡ್ಡ ಆನೆ ಐರಾವತ. ಹುಡುಗನ ಪಾತ್ರಕ್ಕೆ ಸಾಬು. ಅವನನ್ನು ಮೊದಲು ಗುರುತಿಸಿದ್ದು ತಂಡದ ಕ್ಯಾಮೆರಾಮನ್. ಆಗ ಅವನಿಗೆ ಹನ್ನೊಂದು ವರ್ಷ, ಇಂಗ್ಲಿಷ್ ಬಾರದು.

ಇಲ್ಲೊಂದು ಮಾತು ಸೇರಿಸಬೇಕು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಿಡುಗಡೆ ಆಗಿದ್ದು 1934ರ ಮಾರ್ಚಿನಲ್ಲಿ. ಅದನ್ನು ತೆಗೆದದ್ದು ಎಲ್ಲಿ? ಕೊಲ್ಹಾಪುರದಲ್ಲಿ. ನಮ್ಮಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಸುಬ್ಬಯ್ಯನಾಯ್ಡು ಅಂಥವರು ಕನ್ನಡ ಮಾತಾಡಲು ಮಹಾರಾಷ್ಟ್ರಕ್ಕೆ ಹೋಗಬೇಕಾಯಿತು, ಮಾರನೇ ವರ್ಷ ಮೈಸೂರಿನಲ್ಲಿ ಇಂಗ್ಲಿಷ್ ಸಿನಿಮಾದ ಕ್ಯಾಮೆರಾ ತಿರುಗಿತು. ಕಾಡು, ಆನೆ, ಹುಡುಗ ಎಲ್ಲ ಇಲ್ಲಿಯದು, ಮಾತು ಇನ್ನೆಲ್ಲಿಯದೋ. ಈ ಜಾಯಮಾನ ಅಲ್ಲಿಂದಲೇ ಶುರುವಾಯಿತು ಅಂತ ನನ್ನ ಲೆಕ್ಕ.

ಫ್ಲಾಹರ್ಟಿಗೆ ಕಥೆಗಿಂತ ಜನರ ಬದುಕು ತೆಗೆಯುವುದೇ ಇಷ್ಟ. ಕಾರಾಪುರದ ಕಡೆ ಖೆಡ್ಡಾ ನಡೆದದ್ದನ್ನೂ ಸೆರೆಹಿಡಿದ. ಖೆಡ್ಡಾ ಅಂದರೆ ಕಾಡಾನೆ ಹಿಂಡನ್ನು ತಮಟೆ, ಬೆಂಕಿ, ಕೂಗಾಟದಿಂದ ಅಟ್ಟಿಕೊಂಡು ಬಂದು ಮರದ ಕೋಟೆಯೊಳಗೆ ಕೂಡಿಹಾಕುವುದು. ನೂರಾರು ಜನ, ಅದರಲ್ಲೂ ಕಾಡು ಬಲ್ಲ ಕುರುಬರು, ವಾರಗಟ್ಟಲೆ ಕೆಲಸ ಮಾಡುತ್ತಿದ್ದರು. ಕಾಕನಕೋಟೆಯ ಖೆಡ್ಡಾ ನೋಡಲು ವೈಸ್‌ರಾಯ್‌ಗಳೇ ಬರುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು, ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗವನ್ನೇ ನುಂಗಿತು. ಹಾಗಾಗಿ ಆ ಕಾಲದ ಕಾರಾಪುರದ ಕಾಡು, ಹೊಳೆ, ಆನೆ ಹಿಂಡು ಓಡಾಡುವುದು ಕಣ್ಣಿಗೆ ಕಾಣಬೇಕಾದರೆ ಇಂಗ್ಲಿಷ್ ಸಿನಿಮಾವನ್ನೇ ನೋಡಬೇಕು.

ವರ್ಷ ಕಳೆದರೂ ಫ್ಲಾಹರ್ಟಿ ಮುಗಿಸಲಿಲ್ಲ. ಕೊರ್ಡಾ ತನ್ನ ತಮ್ಮ ಜೋಲ್ಟಾನ್‌ನನ್ನು ಕೆಲಸಕ್ಕೆ ಹಚ್ಚಿದ. ಉಳಿದ ದೃಶ್ಯ ತೆಗೆಯಲು ಸಾಬುವನ್ನೂ ಅಣ್ಣನನ್ನೂ 1936ರಲ್ಲಿ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕರೆದೊಯ್ದರು. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆಯಾಗಿ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೆಯಿತು. ಪ್ರಶಸ್ತಿ ಇಬ್ಬರು ನಿರ್ದೇಶಕರಿಗೆ, ಜನ ಮುತ್ತಿದ್ದು ಹುಡುಗನಿಗೆ.

ಅಲ್ಲಿಂದ ಸಾಬು ವಾಪಸ್ ಲಾಯಕ್ಕೆ ಬರಲಿಲ್ಲ. 1938ರಲ್ಲಿ 'ದಿ ಡ್ರಮ್', 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಈ ಎರಡನೆಯದರಲ್ಲಿ ಅವನ ಪಾತ್ರ ಅಬು ಎಂಬ ಪುಟ್ಟ ಕಳ್ಳ, ಕೇಡಿಗ ಮಂತ್ರಿಯ ಹೆಸರು ಜಾಫರ್. ನಿಮ್ಮ ಮನೆ ಮಕ್ಕಳನ್ನು ಕೇಳಿ, 'ಅಲ್ಲಾದ್ದೀನ್'ನಲ್ಲಿ ಅಬು ಯಾರು ಅಂತ. ಕೋತಿ ಅನ್ನುತ್ತಾರೆ. 1992ರಲ್ಲಿ ಡಿಸ್ನಿಯವರು ಕಾರ್ಟೂನ್ ಮಾಡುವಾಗ ಹೆಸರುಗಳನ್ನು ಈ ಹಳೆ ಚಿತ್ರದಿಂದ ಎತ್ತಿಕೊಂಡರು, 2019ರಲ್ಲಿ ಮನುಷ್ಯರನ್ನಿಟ್ಟು ಮತ್ತೆ ತೆಗೆದಾಗಲೂ ಅಬು ಕೋತಿಯಾಗಿಯೇ ಉಳಿದ. ಕಾರಾಪುರದ ಹುಡುಗ ಮಾಡಿದ ಪಾತ್ರ ಕೋತಿಯಾಯಿತು ಅಂದಾಗ ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಅಷ್ಟು ನಗು ಬರಲಿಲ್ಲ.

ಯುದ್ಧ ಶುರುವಾಗಿದ್ದರಿಂದ ಕೊರ್ಡಾ ತಂಡ ಲಂಡನ್ ಬಿಟ್ಟು ಅಮೆರಿಕಕ್ಕೆ ಹೋಯಿತು. ಜೋಲ್ಟಾನ್ ಕೊರ್ಡಾ ನಿರ್ದೇಶನದ 'ಜಂಗಲ್ ಬುಕ್' ಬಂದದ್ದು 1942ರಲ್ಲಿ, ಸಾಬು ಅದರಲ್ಲಿ ಮೋಗ್ಲಿ. ತೆಗೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಬಣ್ಣದ ಚಿತ್ರಗಳೇ ಅಪರೂಪವಾಗಿದ್ದ ಕಾಲದಲ್ಲಿ ಟೆಕ್ನಿಕಲರ್ ಎಂಬ ಕಂಪನಿಯ ವಿಧಾನದಲ್ಲಿ ಪೂರ್ತಿ ಬಣ್ಣದಲ್ಲಿ ತೆಗೆದರು. ಟೆಕ್ನಿಕಲರ್ ಎಂಬ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಹುಲಿ ಚಿರತೆಗಳು ನಿಜವಾದವು, ಹಾವು ಮಾತ್ರ ಯಂತ್ರದ್ದು. ಈ ಚಿತ್ರದ ಹಕ್ಕು ಅಮೆರಿಕದಲ್ಲಿ ಮುಗಿದಿದೆ, ಹಾಗಾಗಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು. ಡೇಟಾ ಇದ್ದಾಗ ನೋಡಿ. ಹುಡುಗ ಮರದಿಂದ ಮರಕ್ಕೆ ಹೋಗುವ ರೀತಿ, ಪ್ರಾಣಿಯ ಹತ್ತಿರ ನಿಲ್ಲುವ ರೀತಿ ಕಲಿಸಿ ಬರುವಂಥದ್ದಲ್ಲ.

ಸಾಬುವಿನ ಉಳಿದ ಕಥೆ ಚಿಕ್ಕದು. 1944ರಲ್ಲಿ ಅಮೆರಿಕದ ಪೌರನಾದ. ಅಲ್ಲಿನ ವಾಯುಪಡೆ ಸೇರಿ ಪೆಸಿಫಿಕ್ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸುವ ಕೆಲಸ ಮಾಡಿ ಪದಕ ಗಳಿಸಿದ. ಯುದ್ಧ ಮುಗಿದ ಮೇಲೆ ಒಳ್ಳೆ ಪಾತ್ರಗಳು ಕಡಿಮೆಯಾದವು. ಅವನು ಹುಡುಗನಾಗಿ ಬೇಕಿದ್ದ, ದೊಡ್ಡವನಾಗಿ ಬೇಕಿರಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ 39 ವರ್ಷ. ಅವನು ನಟಿಸಿದ ಒಂದೇ ಒಂದು ಭಾರತೀಯ ಭಾಷೆಯ ಚಿತ್ರ ಇಲ್ಲ. ಪರದೇಶದವರು ಅವನನ್ನು ಸಾಬು ದಸ್ತಗೀರ್ ಅಂತ ಬರೆದುಕೊಂಡರು. ದಸ್ತಗೀರ್ ಅವನ ಅಣ್ಣನ ಹೆಸರು.

ನಮ್ಮ ಬ್ಯಾಚಿನ ಎಚ್.ಡಿ. ಕೋಟೆ ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, ಅಲ್ಲಿ ಸಾಬುವನ್ನು ಯಾರಾದರೂ ನೆನೆಯುತ್ತಾರಾ ಅಂತ. "ಬ್ಲ್ಯಾಕ್ ಪ್ಯಾಂಥರ್ ಕೇಳು, ಆಟೋದವರೂ ಹೇಳ್ತಾರೆ. ಸಾಬು ಅಂದ್ರೆ ಯಾವ ಸಾಬು ಅಂತಾರೆ" ಅಂದ.

ಇನ್ನು ಕಾರ್ಟೂನಿನ ವಿಷಯ. ಡಿಸ್ನಿಯ ಕಾರ್ಟೂನ್ 'ದಿ ಜಂಗಲ್ ಬುಕ್' ಬಂದದ್ದು 1967ರ ಅಕ್ಟೋಬರಿನಲ್ಲಿ. ವಾಲ್ಟ್ ಡಿಸ್ನಿ ಅದಕ್ಕೆ ಹತ್ತು ತಿಂಗಳ ಮೊದಲೇ ತೀರಿಕೊಂಡಿದ್ದ. ಅಂದರೆ ಇಂಗ್ಲಿಷರಿಗೆ ಅಚ್ಚುಮೆಚ್ಚಿನ ಆ ಕಾರ್ಟೂನಿಗಿಂತ 25 ವರ್ಷ ಹಿಂದೆಯೇ ನಮ್ಮ ಸಾಬುವಿನ ಮೋಗ್ಲಿ ಪರದೆಯ ಮೇಲಿದ್ದ. ಈಗ ಹಳೇ ಕಾರ್ಟೂನ್‌ಗಳನ್ನು ಒಂದೊಂದಾಗಿ ಮನುಷ್ಯರನ್ನಿಟ್ಟು ಮತ್ತೆ ತೆಗೆಯುತ್ತಿದ್ದಾರೆ, ಅದೇನೋ ಹೊಸ ಸಾಹಸ ಅನ್ನುವಂತೆ ಪ್ರಚಾರ. ಮೋಗ್ಲಿಯ ಮಟ್ಟಿಗೆ ಮನುಷ್ಯನೇ ಮೊದಲು, ಕಾರ್ಟೂನ್ ಆಮೇಲೆ.

ಆದರೆ ನನ್ನ ವಯಸ್ಸಿನವರಿಗೆ ಮೋಗ್ಲಿ ಅಂದರೆ ಡಿಸ್ನಿಯೂ ಅಲ್ಲ, ಸಾಬುವೂ ಅಲ್ಲ. ದೂರದರ್ಶನ. 1993ರಲ್ಲಿ ಭಾನುವಾರ ಬೆಳಗ್ಗೆ ಶುರುವಾದ ಆ ಸರಣಿ ಜಪಾನಿನಲ್ಲಿ ತಯಾರಾದದ್ದು, 52 ಕಂತು. ಹಿಂದಿಗೆ ಡಬ್ ಮಾಡಿ, ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಗೀತೆ ಸೇರಿಸಿದ್ದರು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎರಡು ಮನೆಯಲ್ಲಿ. ಮರುಪ್ರಸಾರದಲ್ಲಿ ನೋಡಿದ ನೆನಪು ನನಗೆ. ಆಂಟೆನಾ ತಿರುಗಿಸಲು ಒಬ್ಬ ಮೇಲೆ, "ಬಂತಾ?" ಅಂತ ಕೂಗಲು ಒಬ್ಬ ಕೆಳಗೆ. ಒಳಗೆ ಕೂತ ಇಪ್ಪತ್ತು ಮಕ್ಕಳಲ್ಲಿ ಹಿಂದಿ ಬರುವವರು ಒಬ್ಬರೂ ಇಲ್ಲ, ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಅರ್ಥ ಗೊತ್ತಾದದ್ದು ನಾನು ಪಿಯುಸಿಗೆ ಬಂದ ಮೇಲೆ. ಚಡ್ಡಿ ಅನ್ನುವ ಒಂದು ಪದ ಮಾತ್ರ ಮೊದಲ ದಿನವೇ ಅರ್ಥವಾಗಿತ್ತು.

ಆಗ ಕನ್ನಡದಲ್ಲಿ ಯಾಕೆ ಬರಲಿಲ್ಲ? ದೂರದರ್ಶನ ದೆಹಲಿಯದು ಅಂತ ಒಂದು ಉತ್ತರ. ಇನ್ನೊಂದು ಉತ್ತರ ನಮ್ಮ ಮನೆಯೊಳಗಿನದು.

1950, 60ರ ದಶಕದಲ್ಲಿ ಕನ್ನಡ ಚಿತ್ರರಂಗ ಮದ್ರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ಬದುಕಿತ್ತು. ವರ್ಷಕ್ಕೆ ಬೆರಳೆಣಿಕೆ ಚಿತ್ರ. ತೆಲುಗು, ತಮಿಳಿನ ದೊಡ್ಡ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿ ಬಿಟ್ಟರೆ ಕನ್ನಡದ ನಟ, ಬರಹಗಾರ, ತಂತ್ರಜ್ಞರಿಗೆ ಕೆಲಸವೇ ಇರುವುದಿಲ್ಲ ಎಂಬ ಭಯ ಸುಳ್ಳಲ್ಲ. ಅನಕೃ, ಮ. ರಾಮಮೂರ್ತಿ ಮುಂತಾದವರು ಚಳವಳಿ ಮಾಡಿದರು, ರಾಜ್‌ಕುಮಾರ್ ಜೊತೆಗೆ ನಿಂತರು, ಡಬ್ಬಿಂಗ್ ನಿಂತಿತು. ಯಾವ ಕಾನೂನೂ ಬರಲಿಲ್ಲ, ಚಿತ್ರರಂಗವೇ ಹಾಕಿಕೊಂಡ ಕಟ್ಟುಪಾಡು. ಆ ಕಟ್ಟುಪಾಡು ಇಲ್ಲದಿದ್ದರೆ ಎಪ್ಪತ್ತರ ದಶಕದ ಕನ್ನಡ ಚಿತ್ರಗಳು ನಮಗೆ ಸಿಗುತ್ತಿದ್ದವೋ ಇಲ್ಲವೋ. ಅದಕ್ಕಾಗಿ ಅವರನ್ನು ಬೈಯುವವರ ಜೊತೆ ನಾನಿಲ್ಲ.

ಬೇಸರ ಇರುವುದು ಇದರ ಬಗ್ಗೆ: ಕಷ್ಟಕಾಲಕ್ಕೆ ಹಾಕಿದ ಬೇಲಿ, ಹೊಲ ದೊಡ್ಡದಾದ ಮೇಲೂ ಹಾಗೇ ಉಳಿಯಿತು. ಮಕ್ಕಳ ಚಿತ್ರಕ್ಕೆ ಒಂದು ಗೇಟಾದರೂ ಇಡಬೇಕಿತ್ತು. ಕರಡಿ ಕನ್ನಡ ಮಾತಾಡಿದರೆ ಯಾವ ನಾಯಕನಟನ ಅನ್ನಕ್ಕೂ ಕಲ್ಲು ಬೀಳುತ್ತಿರಲಿಲ್ಲ. ಕಾರ್ಟೂನ್ ಯಾವ ಭಾಷೆಯಲ್ಲಿದ್ದರೂ ಡಬ್ಬಿಂಗೇ, ಇಂಗ್ಲಿಷಿನಲ್ಲೂ ಯಾರೋ ಮೈಕಿನ ಮುಂದೆ ನಿಂತು ಮಾತಾಡಿದ್ದೇ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನ್‌ಗಳು ಕನ್ನಡ ಮಾತಾಡಿದಾಗ ಹಳ್ಳಿ ಮನೆಗಳಲ್ಲಿ ಮಕ್ಕಳು ಹೇಗೆ ಕಚ್ಚಿಕೊಂಡು ಕೂತರು ಅಂತ ನಿಮಗೇ ಗೊತ್ತು. ಆದರೆ ದೊಡ್ಡ ಪರದೆಯ ಬಾಗಿಲು ಮುಚ್ಚಿಯೇ ಇತ್ತು.

ಕನ್ನಡ ಗ್ರಾಹಕರ ಕೂಟದವರು ದೂರು ಕೊಟ್ಟು, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಕೆಲವು ಸಂಘಗಳಿಗೆ ದಂಡ ಹಾಕಿತು. ಅದಾಗಿ ಒಂಬತ್ತು ತಿಂಗಳಿಗೆ, 2016ರ ಏಪ್ರಿಲ್ 8ರಂದು, ಅಮೆರಿಕಕ್ಕಿಂತ ಒಂದು ವಾರ ಮೊದಲೇ 'ದಿ ಜಂಗಲ್ ಬುಕ್' ಭಾರತದಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಹಿಂದಿಯಲ್ಲಿ ಕರಡಿಗೆ ಇರ್ಫಾನ್ ಖಾನ್, ಚಿರತೆಗೆ ಓಂ ಪುರಿ, ಹುಲಿಗೆ ನಾನಾ ಪಾಟೇಕರ್ ದನಿ. ದೂರದರ್ಶನದ ಆ ಹಳೇ ಹಾಡನ್ನೂ ಪ್ರಚಾರಕ್ಕೆ ಮತ್ತೆ ತಂದರು. ಆವರೆಗೆ ಭಾರತದಲ್ಲಿ ಹೆಚ್ಚು ಹಣ ಗಳಿಸಿದ ಹಾಲಿವುಡ್ ಚಿತ್ರ ಅದೇ ಆಯಿತು. ಕನ್ನಡಕ್ಕೆ ಬರಲಿಲ್ಲ. ಆಯೋಗ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲು ಎಲ್ಲರಿಗೂ ಅಳುಕು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಡಬ್ಬಿಂಗ್ ಚಿತ್ರ ಬಂದಾಗ ಪ್ರದರ್ಶಿಸಲು ಚಿತ್ರಮಂದಿರಗಳೇ ಹಿಂಜರಿದವು.

ಈಗ ಈ ಸಿನಿಮಾದೊಳಗಿನ ಹುಲಿಯ ವಿಷಯಕ್ಕೆ ಬರುತ್ತೇನೆ, ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

2016ರ ಚಿತ್ರದಲ್ಲಿ ನಿಜವಾಗಿ ಇರುವುದು ಬಹುಮಟ್ಟಿಗೆ ಹುಡುಗ ಒಬ್ಬನೇ. ಅವನು ನಡೆದಾಡುವ ಒಂದಷ್ಟು ನೆಲ, ಬಂಡೆ ಬಿಟ್ಟರೆ ಉಳಿದ ಕಾಡು, ಪ್ರಾಣಿ ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು. ಚಿತ್ರದ ಕೊನೆಯಲ್ಲಿ ಅವರೇ ಬರೆದುಕೊಂಡಿದ್ದಾರೆ, ಇದನ್ನು ಲಾಸ್ ಏಂಜಲೀಸ್ ಪೇಟೆಯ ನಡುವೆ ಚಿತ್ರೀಕರಿಸಲಾಗಿದೆ ಅಂತ. ಪ್ರಾಣಿಗಳ ಹೆಚ್ಚಿನ ಕೆಲಸ ಮಾಡಿದ್ದು ಎಂಪಿಸಿ ಎಂಬ ಕಂಪನಿ. ಲಂಡನ್ ಮೂಲದ್ದು, ಆದರೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೋ ಇತ್ತು. ಈ ಚಿತ್ರಕ್ಕೂ 2019ರ 'ದಿ ಲಯನ್ ಕಿಂಗ್'ಗೂ ಬೆಂಗಳೂರಿನ ಹುಡುಗ ಹುಡುಗಿಯರು ಕೆಲಸ ಮಾಡಿದ್ದಾರೆ.

ಅಕ್ಕನ ಮನೆಯ ಮೇಲಿನ ಮಹಡಿಯಲ್ಲಿ ಇದೇ ಕಸುಬಿನ ಹುಡುಗನೊಬ್ಬ ಬಾಡಿಗೆಗೆ ಇದ್ದಾನೆ, ಬೇರೆ ಕಂಪನಿ. ಸಂಜೆ ಅವನನ್ನು ಕಾಫಿಗೆ ಕರೆದು, ಏನು ಮಾಡ್ತೀರಪ್ಪ ಅಂತ ಕೇಳಿದೆ. "ರೋಟೋ ಮಾಡ್ತೀನಿ ಅಣ್ಣ" ಅಂದ. ಒಂದು ಸೆಕೆಂಡ್ ಸಿನಿಮಾಕ್ಕೆ 24 ಚಿತ್ರ. ಪ್ರತಿ ಚಿತ್ರದಲ್ಲೂ ನಟನ ಅಂಚನ್ನು, ಕೂದಲಿನ ಎಳೆ ಸಮೇತ, ಗೆರೆ ಹಾಕಿ ಬೇರ್ಪಡಿಸಬೇಕು. ಹಿಂದಿನ ನೀಲಿ ಪರದೆ ತೆಗೆದು ಅಲ್ಲಿ ಕಾಡು ಕೂರಿಸುವುದು ಇನ್ನೊಬ್ಬರು. ಹುಡುಗ ನೀರಿಗೆ ಬಿದ್ದರೆ ಹನಿ ಹನಿಗೂ ಕೆಲಸ. ಐದು ಸೆಕೆಂಡಿನ ತುಣುಕಿಗೆ ವಾರವೂ ಹಿಡಿಯುತ್ತದೆ. "ಪಿಕ್ಚರ್ ಬಂದಾಗ ಮನೇವ್ರಿಗೆ ತೋರಿಸ್ತೀನಿ, ಇಲ್ಲಿ ನಾನು ಮಾಡಿದ್ದು ಅಂತ. ಅವ್ರಿಗೆ ಏನೂ ಕಾಣಲ್ಲ. ಕಾಣದೇ ಇದ್ರೇ ಕೆಲಸ ಚೆನ್ನಾಗಿದೆ ಅಂತ" ಅಂದ. ನಮ್ಮ ಸ್ಟ್ರಿಂಗರ್ ಕೆಲಸವೂ ಹೀಗೇ, ಸುದ್ದಿ ನಮ್ಮದು, ಹೆಸರು ಇನ್ಯಾರದೋ. ಇರಲಿ.

2017ರ ಫೆಬ್ರುವರಿಯಲ್ಲಿ 'ದಿ ಜಂಗಲ್ ಬುಕ್'ಗೆ ವಿಷುಯಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಬಂತು. ವೇದಿಕೆ ಹತ್ತಿದವರು ನಾಲ್ವರು, ನಿಯಮ ಹಾಗೆ. ಬೆಂಗಳೂರಿನವರು ಆ ಬೆಳಗ್ಗೆ ಟ್ರಾಫಿಕ್ಕಿನಲ್ಲಿ ಆಫೀಸಿಗೆ ಹೋಗುತ್ತಿದ್ದರು.

ಎಂಪಿಸಿಯ ಒಡೆತನ ಯಾರದಾಗಿತ್ತು ಗೊತ್ತೇ? ಟೆಕ್ನಿಕಲರ್. 1942ರಲ್ಲಿ ಸಾಬುವಿನ ಮೋಗ್ಲಿಗೆ ಬಣ್ಣ ಕೊಟ್ಟ ಅದೇ ಹೆಸರು. ಮಾಲೀಕರು ಬದಲಾಗಿದ್ದರು, ಕಸುಬು ಬದಲಾಗಿತ್ತು, ಹೆಸರು ಉಳಿದಿತ್ತು. 2025ರ ಫೆಬ್ರುವರಿಯಲ್ಲಿ ಆ ಗುಂಪು ಹಣವಿಲ್ಲದೆ ಕುಸಿಯಿತು. ಲಂಡನ್ ಜೊತೆ ಬೆಂಗಳೂರಿನ ಕಚೇರಿಯೂ ಮುಚ್ಚಿತು. ಭಾರತದಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಹುಲಿಯ ಮೈಮೇಲೆ ಕೂದಲು ಕೂರಿಸಲು ವರ್ಷಗಟ್ಟಲೆ ಕಲಿತ ಕೈಗಳು ಬೇರೆ ಕೆಲಸ ಹುಡುಕಬೇಕಾಯಿತು. ಸಾಬುವಿಗೆ ಯುದ್ಧದ ಆಮೇಲೆ ಆದದ್ದಕ್ಕೂ ಇದಕ್ಕೂ ನನಗೆ ದೂರ ಕಾಣುವುದಿಲ್ಲ.

ಒಟ್ಟು ನೋಡಿ. ಸಾಬುವಿನ ಮೋಗ್ಲಿ ಮೈಸೂರು ಸೀಮೆಯವನು. ಹೊಸ ಮೋಗ್ಲಿಯ ಸುತ್ತ ಇದ್ದ ಪ್ರಾಣಿಗಳಿಗೆ ಕೆಲಸ ಮಾಡಿದವರಲ್ಲಿ ಬೆಂಗಳೂರಿನವರೂ ಇದ್ದರು. ಅಲ್ಲಾಳಸಂದ್ರದ ಮನೆಯಲ್ಲಿ ಕೂತ ನನ್ನ ಅಮ್ಮನಿಗೆ ಮಾತ್ರ ಆ ಹುಲಿ ಏನಂತು ಅಂತ ಮಗ ಹೇಳಬೇಕು.

ಈಗ ಸ್ವಲ್ಪ ಬದಲಾಗಿದೆ, ಅದನ್ನೂ ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಬಂದಾಗ ಅಮ್ಮ ಒಂದು ಕಂತೂ ಬಿಡಲಿಲ್ಲ, ತುಟಿ ಕೂಡುತ್ತಿಲ್ಲ ಅಂತ ಒಮ್ಮೆಯೂ ದೂರಲಿಲ್ಲ. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡದಲ್ಲೂ ಬಂತು, 2023ರಲ್ಲಿ ಸ್ಪೈಡರ್ ಮ್ಯಾನ್ ಕಾರ್ಟೂನೂ ಬಂತು. 2025ರಲ್ಲಿ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರವನ್ನು ಕನ್ನಡದಲ್ಲಿ ನೋಡಲು ನಮ್ಮ ತಾಲ್ಲೂಕಿನಿಂದ ಮಕ್ಕಳನ್ನು ಕಟ್ಟಿಕೊಂಡು ಹೋದವರಿದ್ದಾರೆ. ಆದರೆ 2024ರ ಡಿಸೆಂಬರಿನಲ್ಲಿ ಬಂದ ಸಿಂಹದ ಕಥೆ 'ಮುಫಾಸಾ' ಮತ್ತೆ ಅದೇ ನಾಲ್ಕು ಭಾಷೆ. ಕನ್ನಡದವರು ಹೇಗೂ ಬೇರೆ ಭಾಷೆಯಲ್ಲಿ ನೋಡುತ್ತಾರೆ ಅಂತ ಅವರ ಲೆಕ್ಕ ಇರಬಹುದು. ಆ ಲೆಕ್ಕ ತಪ್ಪು ಅಂತ ನಾವೂ ಇದುವರೆಗೆ ತೋರಿಸಿಲ್ಲ, ಸುಮ್ಮನೆ ಟಿಕೆಟ್ ತೆಗೆದುಕೊಂಡಿದ್ದೇವೆ.

ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದವು. ಹುಡುಗಿ ಆಫ್ ಮಾಡಲು ಹೋದಳು, ತಡಿ ಅಂದೆ. ನೂರಾರು ಹೆಸರು, ನಡುನಡುವೆ ಭಾರತದ ಹೆಸರುಗಳ ಸಾಲು. ಅವಳು ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ಅಮ್ಮ, "ಇಷ್ಟು ಜನ ಬೇಕಾ ಒಂದು ಹುಲಿ ಮಾಡೋಕೆ?" ಅಂದರು.

ಅವತ್ತು ರಾತ್ರಿ ಕರೆಂಟ್ ಹೋಯಿತು. ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆವು. ಮೊಮ್ಮಗಳಿಗೆ ಅಮ್ಮ ಕಥೆ ಹೇಳುತ್ತಿದ್ದರು. ತೋಳದ ಗವಿ ನಂದಿಬೆಟ್ಟದ ಹಿಂದಕ್ಕೆ ಬಂದಿತ್ತು. ಕರಡಿ ಜೇನಿನ ಬದಲು ಹಲಸಿನ ಹಣ್ಣು ತಿನ್ನುತ್ತಿತ್ತು. ಹುಲಿಗೆ ಕಣ್ಣು ಒಂದು ಹೋಗಿದ್ದಕ್ಕೆ ಅಮ್ಮನದೇ ಬೇರೆ ಕಾರಣ, ಅದರಲ್ಲಿ ನಮ್ಮೂರ ಗೌಡರ ಎಮ್ಮೆಯೊಂದು ಬರುತ್ತದೆ.

"ಅಜ್ಜೀ, ಪಿಕ್ಚರಲ್ಲಿ ಹಂಗಿಲ್ಲ!"

"ನಿನ್ ಪಿಕ್ಚರ್ ನಿಂಗೆ. ಮುಂದಕ್ಕೆ ಕೇಳ್ತೀಯೋ ಇಲ್ವೋ?"

ಕೇಳ್ತೀನಿ ಅಂದಳು.